ಕೊರಿಯಾದವಳ ಕಿವಿ, ನನ್ನ ನಾಲಿಗೆ

ವಯಸ್ಸಾದರೆ ಕಿವಿ ಮಂದವಾಗುತ್ತದೆ ಅನ್ನುತ್ತಾರೆ. ನನ್ನ ಕಿವಿಗೆ ಏನೂ ಆಗಿಲ್ಲ. ಅಡುಗೆಮನೆಯಲ್ಲಿ ನನ್ನ ಬಗ್ಗೆ ಆಡುವ ಪಿಸುಮಾತು ಪಡಸಾಲೆಯವರೆಗೂ ಕೇಳುತ್ತದೆ. ಕೆಟ್ಟಿರುವುದು ನಾಲಿಗೆಯಂತೆ. ಹಾಗೆಂದು ತೀರ್ಪು ಕೊಟ್ಟವಳು ನನ್ನ ಸೊಸೆ ಸಾವಿತ್ರಿ. ಶಹಾಪುರದ ನಮ್ಮ ಓಣಿಯಲ್ಲಿ ನಾವೆಲ್ಲ ಇಸ್ಕೂಲು, ಇಸ್ಟೇಷನ್ನು ಅನ್ನುತ್ತಲೇ ಮುದುಕರಾದೆವು. ಅದಕ್ಕೆಂದು ಯಾವ ರೈಲೂ ನಮ್ಮನ್ನು ಬಿಟ್ಟು ಹೋಗಲಿಲ್ಲ. ಆದರೆ ಮೊಮ್ಮಗಳು ಪಿಂಕಿ ಇಂಗ್ಲಿಷ್ ಶಾಲೆಗೆ ಸೇರಿದ್ದೇ ತಡ, ಸೊಸೆಯ ಕಾನೂನು ಬಂತು: "ಅತ್ತಿ, ಕೂಸಿನ ಮುಂದ ಮಾತು ಕಡಿಮಿ ಮಾಡ್ರಿ. ನಿಮ್ಮ ಇಸ್ಕೂಲು ಆಕಿ ಬಾಯಾಗ ಕುಂತ್ರ ಏಳಾಂಗಿಲ್ಲ." ಕೂಸನ್ನು ಮಲಗಿಸುವಾಗ ನಾನು ಹೇಳುತ್ತಿದ್ದ ಕಥೆಯೂ ಬಂದ್ ಆಯಿತು. ಈಗ ಮೊಬೈಲು ಕಥೆ ಹೇಳುತ್ತದೆ, ನಾನು ಗೋಡೆ ಕಡೆ ಮುಖ ಮಾಡಿ ಮಲಗುತ್ತೇನೆ.

ಇದೇ ಸಾವಿತ್ರಿ ಸಂಜೆ ಹೊತ್ತು ಫೋನಿನಲ್ಲಿ ಕೊರಿಯಾ ದೇಶದ ಒಬ್ಬ ಹೆಂಗಸಿಗೆ ಇಂಗ್ಲಿಷ್ ಕಲಿಸುತ್ತಾಳೆ. ಹೋದ ವಾರ ನಾನು ಪಕ್ಕದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದೆ. ಸೊಸೆ 'ಸ್ಟ್ರೀಟ್' ಅಂದರೆ ಆ ಹೆಂಗಸು 'ಸುತುರೀತು' ಅಂದಳು. ಸೊಸೆ ಎರಡನ್ನೂ ಒಂದರ ಹಿಂದೆ ಒಂದು ಹೇಳಿ ಫರಕು ಕೇಳಿದಳು. ಆ ಹೆಂಗಸಿಗೆ ಎರಡೂ ಒಂದೇ ಕೇಳಿಸಿದವಂತೆ. ಅದಕ್ಕೂ ಸೊಸೆ ನಕ್ಕು ಶಾಬಾಸ್ ಅಂದಳು. ಫೋನು ಇಟ್ಟ ಮೇಲೆ ಕೇಳಿದೆ:

"ಯಾಕವಾ, ಆಕಿಗಿ ಬೈಲಿಲ್ಲ?"

"ಪಾಪ, ಆಕಿ ತಪ್ಪಲ್ಲರಿ ಅದು. ಅವರ ಭಾಷಾದಾಗ ಅಕ್ಷರ ಹಿಂಗ ಒಂದಕ್ಕೊಂದು ಅಂಟಿ ಬರಾಂಗಿಲ್ಲ. ನಡುವ ಇಲ್ಲದ ಸ್ವರ ಆಕಿ ಕಿವಿಗಿ ತಾನಾ ಕೇಳ್ತದ."

"ನನಗೂ ಎರಡೂ ಒಂದೇ ಕೇಳಿದ್ವು. ಪರದೇಶದಾಗ ಇದ್ರ ಪಾಪ, ಮನ್ಯಾಗ ಇದ್ರ ಗಂವಾರ. ಹೌದಿಲ್ಲ?"

"ಆಕಿ ಕಲಿಯಾಕ ಬರ್ತಾಳ್ರಿ ಅತ್ತಿ. ನೀವು ಕಲಿಸಾಕ ಬರ್ತೀರಿ."

ಓದಿದವಳು ನೋಡಿ, ಎಲ್ಲಿ ಚುಚ್ಚಿದರೆ ರಕ್ತ ಬರುವುದಿಲ್ಲ ಎಂದು ಗೊತ್ತಿದೆ. ನಾನು ಮೊರ ಕೆಳಗಿಟ್ಟು, ಹಾಗಾದರೆ ನಾಳೆಯಿಂದ ರೊಟ್ಟಿಯನ್ನೂ ಕೊರಿಯಾದಿಂದಲೇ ತರಿಸಿಕೋ ಅಂದೆ. ಈ ಮನೆಯಲ್ಲಿ ಜೋಳದ ರೊಟ್ಟಿ ಬಡಿಯಲು ಬರುವುದು ನನಗೊಬ್ಬಳಿಗೇ. ಹೊತ್ತು ಹೊತ್ತಿಗೂ ಅನ್ನ ತಿಂದು ಮಗನ ಮುಖ ಹುಳ್ಳಗಾಯಿತು. ಕೊನೆಗೆ ಸೊಸೆ ತಾನೇ ಕೂಸನ್ನು ತಂದು ನನ್ನ ಹಾಸಿಗೆಯಲ್ಲಿ ಮಲಗಿಸಿದಳು. ನ್ಯಾಯಕ್ಕೆ ಸೋಲಲಿಲ್ಲ, ರೊಟ್ಟಿಗೆ ಸೋತಳು. ಇರಲಿ, ಕೂಸು ಸಿಕ್ಕಿತಲ್ಲ.

ಕಾಲುವೆ ಬಂದ ಮೇಲೆ ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದವರ ಮನೆಯೊಂದು ನಮ್ಮೆದುರಿಗಿದೆ. ಆ ಮನೆಯ ಮುದುಕಿಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ನಿನ್ನೆ ನೋಡಿದರೆ ಪಿಂಕಿ ಅವಳ ತೊಡೆಯ ಮೇಲೆ ಕೂತು ಬಾಯಿ ತೆರೆದು ಕಥೆ ಕೇಳುತ್ತಿದ್ದಾಳೆ. ನನಗೆಲ್ಲಿತ್ತೋ ಆ ಓಟ. ಹೋಗಿ ರಟ್ಟೆ ಹಿಡಿದು ಎಳೆದು ತಂದೆ.

"ಆಕಿ ಹಂತ್ಯಾಕ ಕುಂದರಬ್ಯಾಡ, ನಾಲಿಗಿ ಕೆಡ್ತದ!"

ಬಾಗಿಲಲ್ಲಿ ನಿಂತಿದ್ದ ಸೊಸೆ ಹೌದೆಂಬಂತೆ ತಲೆಯಾಡಿಸಿದಳು. ಮದುವೆಯಾಗಿ ಬಂದ ಮೇಲೆ ನನ್ನದೊಂದು ಮಾತು ಅವಳಿಗೆ ಸರಿಯೆನಿಸಿದ್ದು ಅದೇ ಮೊದಲು.