ಸಿದ್ದಬಸಪ್ಪೆಲ್ಲಾ ಚಾಮರಾಜಪೇಟೆನ್ಸಿಸ್

ಚಾಮರಾಜಪೇಟೆಯ ನಮ್ಮ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಒಂದು ಮೈಕ್ರೋಸ್ಕೋಪೂ ಒಬ್ಬ ಉಪನ್ಯಾಸಕಿಯೂ ಇದ್ದು, ಈ ಪೈಕಿ ಕಾಯಂ ಆಗಿರುವುದು ಮೈಕ್ರೋಸ್ಕೋಪ್ ಮಾತ್ರ ಎಂದು ಈ ಮೂಲಕ ತಿಳಿಸಲಾಗಿದೆ.

ಉಪನ್ಯಾಸಕಿಯ ಹೆಸರು ಡಾ. ಪ್ರತಿಭಾ. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿ ಮೂರು ದಿನ ಉಳಿದರೆ ನಮ್ಮ ಮುಖ ಸಪ್ಪಗಾಗುತ್ತದೆ. ಕಾಲೇಜು ಹನ್ನೊಂದು ವರ್ಷ ಸಹಿಸಿಕೊಂಡಿದೆ, ಇದೇನು ಸಣ್ಣ ಮಾತಲ್ಲ. ಪ್ರತಿ ವರ್ಷ ದಸರಾ ರಜೆ ಮುಗಿದ ಮೇಲೆ ಆಕೆಗೆ ಒಂದು ವರ್ಷದ ನೇಮಕಾತಿ ಆದೇಶ ಹೊರಡುತ್ತದೆ. ಅದನ್ನು ಟೈಪ್ ಮಾಡುವವನು ಕಚೇರಿ ಸೂಪರಿಂಟೆಂಡೆಂಟ್ ನಾಗಭೂಷಣ್, ಅಂದರೆ ನಾನು. ಆಕೆಗೀಗ ನಲವತ್ತೆರಡು. ಬೇರೆ ಕಡೆ ಅರ್ಜಿ ಹಾಕುವ ವಯಸ್ಸು ದಾಟಿದೆ. ನಮ್ಮ ಆದೇಶ ಬಂದರೆ ಕೆಲಸ ಉಂಟು, ಬಾರದಿದ್ದರೆ ಇಲ್ಲ.

ಕಳೆದ ವರ್ಷ ಆಯುಧಪೂಜೆಯ ದಿನ ಅಟೆಂಡರ್ ಮುನಿಯಕ್ಕ ಕಾಲೇಜಿನ ಗಂಟೆ, ಜೆರಾಕ್ಸ್ ಯಂತ್ರ, ಪ್ರಿನ್ಸಿಪಾಲರ ಸ್ಕೂಟರ್ ಎಲ್ಲಕ್ಕೂ ಕುಂಕುಮ ಹಚ್ಚಿ ಬೂದುಗುಂಬಳಕಾಯಿ ಒಡೆದರು. ಮೈಕ್ರೋಸ್ಕೋಪನ್ನೂ ಬಿಡಲಿಲ್ಲ. ಹಣೆ ಎಲ್ಲಿದೆಯೋ ಅಲ್ಲಿ ಕುಂಕುಮ ಇಡಬೇಕೆಂಬುದು ಅವರ ಪದ್ಧತಿ. ನಾವು ಕಣ್ಣಿಟ್ಟು ನೋಡುವ ಗಾಜೇ ಮೈಕ್ರೋಸ್ಕೋಪಿನ ಹಣೆ ಎಂದು ಅವರು ತೀರ್ಮಾನಿಸಿದ್ದರು.

ರಜೆ ಮುಗಿದ ಸೋಮವಾರವೇ ಮೌಲ್ಯಮಾಪನ ತಂಡ ಬಂತು. ಅವರ ನಮೂನೆಯಲ್ಲಿ ‘ವಿಭಾಗದ ಸಂಶೋಧನೆ’ ಎಂಬ ಕಾಲಂ ಇದ್ದು, ಅಲ್ಲಿ ನಾವು ಒಂಬತ್ತು ವರ್ಷದಿಂದ ‘ಪ್ರಗತಿಯಲ್ಲಿದೆ’ ಎಂದು ಬರೆಯುತ್ತಿದ್ದೆವು. ಆಡಳಿತ ಮಂಡಳಿಯ ಅಧ್ಯಕ್ಷರೂ ಅಕ್ಕಿಪೇಟೆಯ ಸಗಟು ವ್ಯಾಪಾರಿಗಳೂ ಆದ ಸಿದ್ದಬಸಪ್ಪನವರು ಎಲ್ಲರಿಗಿಂತ ಮೊದಲು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

“ಇದೇನ್ರೀ, ಕೆಂಪಗೆ ಏನೋ ಕಾಣ್ತಿದೆ?”

ಪ್ರಿನ್ಸಿಪಾಲ್ ಏಕಾಂತಯ್ಯನವರು ಇಂಥ ಹೊತ್ತಿನಲ್ಲಿ ತಡಬಡಾಯಿಸುವವರಲ್ಲ. “ಅದೇ ಸಾರ್ ನಮ್ಮ ಸಂಶೋಧನೆ. ಹೊಸ ಜೀವಿ.”

“ಹೆಸರಿಟ್ಟಿದೀರಾ?”

“ನಿಮ್ಮದೇ ಇಡೋಣ ಅಂತಿದೀವಿ ಸಾರ್.”

ಹೀಗೆ ಸಿದ್ದಬಸಪ್ಪೆಲ್ಲಾ ಚಾಮರಾಜಪೇಟೆನ್ಸಿಸ್ ಜನಿಸಿತು. ಮೊದಲು ಇಟ್ಟಿದ್ದು ಕ್ಯಾಂಟೀನಿನ ಮೊಸರಿನ ಸ್ಲೈಡು. ನಲ್ಲಿ ನೀರಿನ ಸ್ಲೈಡು ಇಟ್ಟರೂ ಅದೇ ಜೀವಿ ಕಂಡಿತು. ಸ್ಲೈಡನ್ನೇ ತೆಗೆದರೂ ಕಂಡಿತು. ಸ್ಲೈಡಿನ ಹಂಗಿಲ್ಲದೆ ಬದುಕುವ ಜೀವಿಯನ್ನು ತಾವು ಈವರೆಗೆ ಕಂಡಿಲ್ಲವೆಂದು ತಂಡದ ಮುಖ್ಯಸ್ಥರು ಬರೆದುಕೊಂಡು, ಕಾಲೇಜಿಗೆ ಉನ್ನತ ಶ್ರೇಣಿ ಕೊಟ್ಟು, ಹೋಳಿಗೆ ಊಟ ಮಾಡಿ ಹೋದರು. ಪ್ರತಿಭಾ ಮೇಡಂ ಪಕ್ಕದಲ್ಲೇ ನಿಂತು ಸ್ಲೈಡು ಬದಲಾಯಿಸುತ್ತಿದ್ದರು. ಅತಿಥಿ ಉಪನ್ಯಾಸಕರು ತಂಡದೊಂದಿಗೆ ಮಾತನಾಡತಕ್ಕದ್ದಲ್ಲ ಎಂದು ನಾನು ಸುತ್ತೋಲೆ ಹೊರಡಿಸಿದ್ದೆ.

ಕಾರು ಗೇಟು ದಾಟಿದ ಮೇಲೆ ಆಕೆ ಮಾತನಾಡಿದರು. “ಸಾರ್, ಅದು ಕುಂಕುಮ.” ಹಾಗೆಂದು ಗಾಜನ್ನು ಒರೆಸಿಯೂ ಬಿಟ್ಟರು. ಏಕಾಂತಯ್ಯನವರು ಇಣುಕಿ ನೋಡಿದರೆ ಬರೀ ಬೆಳಕು. ಅವರು ಹಾಗೇ ಕುರ್ಚಿಯಲ್ಲಿ ಕುಸಿದರು.

ಮರುದಿನ ನಾನು ಮೆಮೋ ಟೈಪ್ ಮಾಡಿದೆ: ‘ಪೂರ್ವಾನುಮತಿ ಇಲ್ಲದೆ ಒಂದು ಇಡೀ ಪ್ರಭೇದವನ್ನು ನಿರ್ನಾಮ ಮಾಡಿರುವ ಬಗ್ಗೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಅಲ್ಲಿಯವರೆಗೆ ತಮ್ಮ ನೇಮಕಾತಿ ಆದೇಶವನ್ನು ತಡೆಹಿಡಿಯಲಾಗಿದೆ.’

ವಿಚಾರಣಾ ಸಭೆಗೆ ಮುನಿಯಕ್ಕನನ್ನೂ ಕರೆಸಲಾಯಿತು.

“ಅದಕ್ಯಾಕ್ ಸಾರ್ ಇಷ್ಟೊಂದ್ ರಾದ್ಧಾಂತ? ಇನ್ನೊಂಚೂರು ಕುಂಕುಮ ಇಟ್ರೆ ಆಯ್ತಪ್ಪ” ಅಂದರು ಮುನಿಯಕ್ಕ.

‘ತಜ್ಞರ ಅಭಿಪ್ರಾಯದಂತೆ ಪ್ರಭೇದವನ್ನು ಪುನರುಜ್ಜೀವನಗೊಳಿಸಬಹುದಾಗಿದೆ’ ಎಂದು ನಡಾವಳಿಯಲ್ಲಿ ದಾಖಲಿಸಿದೆ. ಆದರೆ ಅದನ್ನು ಅಟೆಂಡರ್ ಮಾಡಿದರೆ ನಿಯಮಬಾಹಿರ. ಸಂಬಂಧಪಟ್ಟ ವಿಷಯದಲ್ಲಿ ಡಾಕ್ಟರೇಟ್ ಪಡೆದವರೇ ಮಾಡಬೇಕು. ಏಕಾಂತಯ್ಯನವರು ಮೇಜಿನ ಮೇಲೆ ಕುಂಕುಮದ ಬಟ್ಟಲಿಟ್ಟರು. ಅದರ ಪಕ್ಕದಲ್ಲಿ ಸಹಿಯಿಲ್ಲದ ಆದೇಶ ಇತ್ತು.

“ಇದಕ್ಕೇನಾ ಸಾರ್ ನಾನು ಆರು ವರ್ಷ ಪಿಎಚ್‌ಡಿ ಮಾಡಿದ್ದು?”

“ಅದಕ್ಕೇ ಅಲ್ವಾ ಡಾಕ್ಟ್ರೇ, ನಿಮ್ಮನ್ನ ಕೇಳ್ತಿರೋದು?”

ಪ್ರತಿಭಾ ಮೇಡಂ ಆದೇಶವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಉಂಗುರ ಬೆರಳನ್ನು ಬಟ್ಟಲಿಗೆ ಅದ್ದಿ ಗಾಜಿಗೆ ಹಚ್ಚಿದರು. ಏಕಾಂತಯ್ಯನವರು ಸಹಿ ಹಾಕಿದರು. ನನಗೆ ಸಂಕಟವಾಯಿತು. ಸೇವಾ ನಿಯಮಗಳಲ್ಲಿ ಸಂಕಟಕ್ಕೆ ಅವಕಾಶ ಇಲ್ಲದ್ದರಿಂದ ಸೀಲು ಒತ್ತಿದೆ.

ಆಮೇಲೆ ಎಲ್ಲ ಸುಸೂತ್ರವಾಗಿ ನಡೆಯಿತು. ಪ್ರತಿ ಸೋಮವಾರ ಬೆಳಿಗ್ಗೆ ಮೇಡಂ ಜೀವಿಯನ್ನು ನವೀಕರಿಸುತ್ತಾರೆ. ಅದು ಪಠ್ಯಕ್ಕೂ ಸೇರಿತು. ಪ್ರಾಯೋಗಿಕ ಪರೀಕ್ಷೆಯಲ್ಲಿ ‘ಕಾಣುವ ಜೀವಿಯನ್ನು ಗುರುತಿಸಿ, ಚಿತ್ರ ಬರೆಯಿರಿ’ ಎಂದು ಐದು ಅಂಕಕ್ಕೆ ಕೇಳಲಾಗಿ, ನಲವತ್ತು ಮಕ್ಕಳು ಅಂದವಾಗಿ ಚಿತ್ರ ಬರೆದು ಭಾಗಗಳನ್ನೂ ಗುರುತಿಸಿದರು. ಮಾನಸ ಎಂಬ ಹುಡುಗಿ ಮಾತ್ರ ‘ಇದು ಕುಂಕುಮ’ ಎಂದು ಬರೆದಳು. ಆಕೆಗೆ ಸೊನ್ನೆ ಬಂತು. ಸೊನ್ನೆ ಹಾಕಿದವರು ಪ್ರತಿಭಾ ಮೇಡಂ.

ಅವಳು ಸ್ಟಾಫ್ ರೂಮಿಗೇ ಬಂದಳು. ನಾನೂ ಅಲ್ಲೇ ಇದ್ದೆ.

“ಏನೇ ಕಂಡ್ರೂ ಮೊದಲು ಲೆನ್ಸ್ ಒರೆಸಿ ನೋಡಿ ಅಂತ ಫಸ್ಟ್ ಕ್ಲಾಸಲ್ಲೇ ನೀವೇ ಹೇಳಿದ್ರಲ್ಲ ಮ್ಯಾಮ್?”

“ಹೇಳಿದ್ದೆ ಕಣಮ್ಮ.”

“ಮತ್ತೆ?”

“ಈಗ ಸಿಲಬಸ್ ಬದಲಾಗಿದೆ.”

ಮಾನಸ ಮರುಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದು ಪಾಸಾದಳು.

ಈ ವರ್ಷ ಆಯುಧಪೂಜೆಗೆ ಮುಂಚೆ ನಾನು ಹೊರಡಿಸಿದ ಸುತ್ತೋಲೆ ಹೀಗಿದೆ: ‘ಅಧ್ಯಕ್ಷರ ಪ್ರಭೇದದೊಂದಿಗೆ ಬೆರಕೆಯಾಗುವ ಸಂಭವ ಇರುವುದರಿಂದ ಹಬ್ಬದ ದಿನ ಮೈಕ್ರೋಸ್ಕೋಪಿಗೆ ಯಾರೂ ಕುಂಕುಮ ಹಚ್ಚತಕ್ಕದ್ದಲ್ಲ.’ ಮುನಿಯಕ್ಕ “ಅದೂ ಸರೀನೇ ಬುಡಿ” ಎಂದು ಹೆಬ್ಬೆಟ್ಟು ಒತ್ತಿದರು.

ಅಂದು ಸೋಮವಾರ. ಪ್ರತಿಭಾ ಮೇಡಂ ಲ್ಯಾಬಿನಿಂದ ನೇರವಾಗಿ ಬಂದು ಸಹಿ ಹಾಕಿದರು. ಬೆರಳಿನ ಕೆಂಪು ಸುತ್ತೋಲೆಗೂ ಅಂಟಿತು. ನಾನು ಕರ್ಚೀಫು ತೆಗೆದು ಒರೆಸಲು ಹೋದೆ.

“ಒರೆಸ್ಬೇಡಿ ಸಾರ್” ಅಂದರು. “ಮೆಮೋ ಬರತ್ತೆ.”

ನಾನು ಕರ್ಚೀಫು ಮಡಿಸಿ ಜೇಬಿಗೆ ಇಟ್ಟುಕೊಂಡೆ.