ತಾರಸಿಯ ಮೇಲಿನ ಒಮಾನ್

ಆಷಾಢದ ಬೂದು ಬೆಳಗು. ತಾರಸಿ ತೊಯ್ದಿದೆ, ನೀರಿನ ತೊಟ್ಟಿಯ ಮುಚ್ಚಳ, ಬಟ್ಟೆ ಹರವುವ ತಂತಿ, ಮೂಲೆಯ ತುಳಸಿ, ಎಲ್ಲವೂ ತೊಯ್ದಿವೆ. ಆ ಬೂದು ಬಣ್ಣದ ನಟ್ಟನಡುವೆ ಒಂದು ಜಮಖಾನದಷ್ಟು ಬಿಸಿಲು. ಯಾರೋ ಅಂಚು ಹಿಡಿದು ಕತ್ತರಿಸಿ ತಂದು ಹಾಸಿದಂಥ, ಅರಿಶಿನ ಬಣ್ಣದ, ಚೌಕಾಕಾರದ ಬಿಸಿಲು. ಅದರೊಳಗೆ ಒಂದು ಬೆತ್ತದ ಕುರ್ಚಿ. ಕುರ್ಚಿಯ ಕಾಲ ಬಳಿ ಅದರದೇ ಗಿಡ್ಡ ನೆರಳು. ಸುತ್ತ ಸೋನೆ ಹಿಡಿದಿದೆ. ಚೌಕದ ಅಂಚಿಗೆ ಬಂದ ಹನಿ ಮಾತ್ರ, ಹೊಸ್ತಿಲು ದಾಟಲು ಸಂಕೋಚಪಡುವ ನೆಂಟನಂತೆ, ಹೊರಗೇ ಉಳಿಯುತ್ತಿದೆ.

ನಾನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ!

"ಹೇಗಿದೆ ಮೇಷ್ಟ್ರೇ, ಒಮಾನು?"

ನೆರೆಮನೆಯ ಚಕ್ರಪಾಣಿ ಅಯ್ಯಂಗಾರರು ತಮ್ಮ ಯಂತ್ರದ ಪಕ್ಕದಲ್ಲಿ, ಮದುವೆಮನೆಯ ಬೀಗರಂತೆ ಎದೆಯುಬ್ಬಿಸಿ ನಿಂತಿದ್ದರು. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಅವರ ಮನೆಯ ಯಾವ ಪಾತ್ರೆಗೂ ನಿಶ್ಚಿತ ಭವಿಷ್ಯವಿರಲಿಲ್ಲ. ಈ ಸಲ ತಾಮ್ರದ ಹಂಡೆ, ಹಳೆಯ ಗ್ರೈಂಡರಿನ ಮೋಟಾರು, ಟೀವಿಯ ತಟ್ಟೆ ಆಂಟೆನಾ, ಮೂರೂ ಕೂಡಿ 'ಹವಾ ವಿನಿಮಯ ಯಂತ್ರ'ವಾಗಿದ್ದವು.

"ಮುಂದಿನ ತಿಂಗಳು ನಾವಿಬ್ಬರೂ ಒಮಾನಿಗೆ ಹೊರಡ್ತೀವಲ್ಲ. ಅಲ್ಲಿನ ಬಿಸಿಲು ನಮ್ಮವಳಿಗೆ ಏಕಾಏಕಿ ತಾಗಬಾರದು ನೋಡಿ. ದಿನಾ ಒಂದಿಷ್ಟು ಹೊತ್ತು ಇಲ್ಲಿ ಕೂತರೆ, ಅಲ್ಲಿ ಇಳಿದಾಗ ತವರಿಗೆ ಬಂದ ಹಾಗಿರತ್ತೆ!"

"ನನ್ನ ತವರು ಮೇಲುಕೋಟೆ ಕಣ್ರೀ," ಎಂದರು ಅವರ ಮಡದಿ ಕನಕವಲ್ಲಿ, ಮೆಟ್ಟಿಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು. "ಮೊದಲು ಅಲ್ಲಿಗೆ ಕರ್ಕೊಂಡು ಹೋಗಿ!"

ಯಂತ್ರ ಗೊರ ಗೊರ ಕೆಮ್ಮಿತು. ಅಯ್ಯಂಗಾರರು ಹಂಡೆಯ ಬೆನ್ನಿಗೆ ಪಟಪಟನೆ ತಟ್ಟಿದರು, ಕೆಮ್ಮು ನಿಂತಿತು. "ಆಗಾಗ ತಟ್ಟಬೇಕು, ಅದೂ ನಾನೇ ತಟ್ಟಬೇಕು. ಬೇರೆ ಯಾರ ಕೈಗೂ ಬಗ್ಗಲ್ಲ!" ಎಂದರು ಹೆಮ್ಮೆಯಿಂದ.

ಕನಕವಲ್ಲಿಯವರು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರು. ವರ್ಷವರ್ಷವೂ ಕರಿಹಲಗೆಯ ಮೇಲೆ ಕಡಲಾಮೆಯ ಚಿತ್ರ ಬರೆದರೇ ವಿನಾ, ಜೀವಂತ ಆಮೆಯೊಂದು ಅಲೆಯಿಂದೆದ್ದು, ಮರಳು ತೋಡಿ ಮೊಟ್ಟೆಯಿಡುವುದನ್ನು ಕಂಡವರಲ್ಲ. ಒಮಾನಿನ ಪೂರ್ವ ತೀರದಲ್ಲಿ ಈ ಋತುವಿನಲ್ಲಿ ಅವು ಬರುತ್ತವೆಂದು ಓದಿದಂದಿನಿಂದ ಅವರಿಗೆ ಅದೊಂದೇ ಕನಸು. ಆದರೆ ಆ ಮನೆಯ ಪ್ರವಾಸಗಳನ್ನೆಲ್ಲ ಯಂತ್ರಗಳೇ ನುಂಗಿದ್ದವು. ಕನ್ಯಾಕುಮಾರಿಗೆ ಹೊರಟ ವರ್ಷ, ಪ್ರಯಾಣದ ಹಾಸಿಗೆಯನ್ನು ತಾನಾಗಿ ಸುತ್ತಿಕೊಳ್ಳುವ ಹೋಲ್ಡಾಲೊಂದು ಅಯ್ಯಂಗಾರರನ್ನೂ ಒಳಗೇ ಸುತ್ತಿಕೊಂಡು, ರೈಲು ಹೋಗುವವರೆಗೆ ಬಿಚ್ಚಿಕೊಳ್ಳಲಿಲ್ಲ!

"ಈ ಸಲ ತಪ್ಪಿದರೆ ನಾನು ಇನ್ನು ಕೇಳೋದಿಲ್ಲ," ಎಂದರು ಕನಕವಲ್ಲಿ ಮೆಲ್ಲಗೆ, ನನ್ನೊಬ್ಬನಿಗೆ. ಕೇಳುವುದನ್ನು ಬಿಟ್ಟವರ ಮೌನ ಎಂಥದೆಂದು ನನ್ನ ವಯಸ್ಸಿನವರಿಗೆ ಗೊತ್ತಿರುತ್ತದೆ. ನಾನು ಅವರು ಕೊಟ್ಟ ಕಾಫಿ ಕುಡಿದೆ.

ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ಗುಟ್ಟು ಉಳಿಯಬಹುದು, ಬಿಸಿಲು ಉಳಿಯುವುದಿಲ್ಲ. ಎದುರುಮನೆಯ ಪುಟ್ಟತಾಯಮ್ಮ ಅರಳು ಸಂಡಿಗೆಯ ಮೊರ ಹೊತ್ತು ಮೇಲೆ ಬಂದೇಬಿಟ್ಟರು. ಶ್ರಾವಣದಲ್ಲಿ ಅವರ ಮಗಳ ಮದುವೆ. ಈ ಸೋನೆಗೆ ಹಪ್ಪಳವೆಲ್ಲ ಬೂಷ್ಟು ಹಿಡಿದಿತ್ತು.

"ಇದು ವಿಜ್ಞಾನ ಕಣಮ್ಮ, ಸಂಡಿಗೆ ಒಣಗಿಸೋ ಜಾಗ ಅಲ್ಲ!"

"ಒಂದು ಸಂಡಿಗೆ ಒಣಗಿಸೋಕೆ ಬರದಿದ್ರೆ ಅದೆಂಥಾ ವಿಜ್ಞಾನ ಸ್ವಾಮಿ?"

ಅಯ್ಯಂಗಾರರು ಬೆತ್ತದ ಕುರ್ಚಿಯನ್ನು ಚೌಕದಿಂದಾಚೆ ಎಳೆದು ಜಾಗ ಬಿಟ್ಟರು. ಅರ್ಧ ಗಂಟೆಯಲ್ಲಿ ಸಂಡಿಗೆ ಗರಿಗರಿಯಾಗಿ ಒಣಗಿತು! ಮಾರನೆಯ ದಿನದಿಂದ ಮೆಟ್ಟಿಲ ಮೇಲೆ ಸಾಲು. "ನಂದು ಮೊದಲು!" "ನಿಮ್ಮದು ಬರೀ ಬಾಳಕದ ಮೆಣಸಿನಕಾಯಿ, ಅದಕ್ಕೇನು ಅವಸರ?" ಕೆಳಗಿಳಿಯುವ ಪ್ರತಿಯೊಬ್ಬರೂ, "ಕೋತಿ ಬಂದಾವು!" ಎಂದು ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿಯೇ ಹೋಗುವರು. ಕಾಗೆಗೆ ಹೆದರಿಕೆಯಿರಲೆಂದು ನನ್ನ ಕರಿ ಛತ್ರಿಯನ್ನು ಬಿಚ್ಚಿ ಚೌಕದ ನಡುವೆ ನಿಲ್ಲಿಸಿದ್ದರು.

ಜಾಗ ಸಾಲದಾಯಿತು. ಬಿಸಿಲನ್ನು ಕೊಂಚ ಅಗಲ ಮಾಡುತ್ತೇನೆಂದು ಅಯ್ಯಂಗಾರರು, ಪ್ರಯಾಣಕ್ಕೆ ಇನ್ನೊಂದೇ ವಾರವಿದೆಯೆನ್ನುವಾಗ, ಒಂದು ದಿನ ಯಂತ್ರದ ತಿರುಪನ್ನು ಬಲಕ್ಕೆ ತಿರುಗಿಸಿದರು. ಧಡ್!

ಸಂಡಿಗೆಯಿಲ್ಲ, ಸಂಡಿಗೆ ಹರವಿದ್ದ ಪಂಚೆಯಿಲ್ಲ, ನನ್ನ ಛತ್ರಿಯೂ ಇಲ್ಲ! ಅಲ್ಲಿ ಮೊಣಕಾಲುದ್ದದ ಮರಳ ದಿಬ್ಬ. ದಿಬ್ಬದ ಮೇಲೊಂದು ಪುಟ್ಟ ಮೇಜು. ಮೇಜಿನ ಮೇಲೆ ಉದ್ದ ಕೊಕ್ಕಿನ ಹಿತ್ತಾಳೆಯ ಕಾಫಿ ಹೂಜಿ, ಒಂದು ತಟ್ಟೆ ಖರ್ಜೂರ. ಹೂಜಿಯಿಂದ ಇನ್ನೂ ಹಬೆಯಾಡುತ್ತಿತ್ತು.

ಪುಟ್ಟತಾಯಮ್ಮ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ," ಎಂದರು. ಆಮೇಲೆ ನೆನಪಾಗಿ, "ಅಯ್ಯೋ, ನನ್ನ ಸಂಡಿಗೆ!" ಎಂದು ಕೂಗಿಕೊಂಡರು.

"ಅಂದರೆ ಈ ಬಿಸಿಲು ಇಲ್ಲಿ ಹುಟ್ಟಿದ್ದಲ್ಲ?" ಎಂದೆ ನಾನು.

"ವಿನಿಮಯ ಅಂತ ಹೆಸರಲ್ಲೇ ಇದೆಯಲ್ಲ ಮೇಷ್ಟ್ರೇ! ಅಲ್ಲಿನ ಬಿಸಿಲು ಇಲ್ಲಿಗೆ, ಇಲ್ಲಿನ ಸೋನೆ ಅಲ್ಲಿಗೆ. ಈಗ ಸಾಮಾನೂ ಹೋಗ್ತಿದೆ ಅನ್ನೋದು..." ಅವರ ಮುಖ ಅರಳಿತು, "ಅನಿರೀಕ್ಷಿತ ಯಶಸ್ಸು!"

"ಅಲ್ಲಿಗೆ ಅಂದ್ರೆ ಎಲ್ಲಿಗೆ?" ಕನಕವಲ್ಲಿಯವರ ಧ್ವನಿಯಲ್ಲಿ ಪರೀಕ್ಷಾ ಕೊಠಡಿಯ ಗಾಂಭೀರ್ಯ.

"ಯಂತ್ರಕ್ಕೆ ಒಂದು ವಿಳಾಸ ಕೊಡಬೇಕಿತ್ತು. ಒಮಾನಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ವಿಳಾಸ. ನಾವು ರೂಮು ಕಾದಿರಿಸಿದ ಹೋಟೆಲಿಂದು."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಎಲ್ಲೆಂದರಲ್ಲಿ ಮರೆತು ಬರುವ ಅಭ್ಯಾಸವಿರುವುದರಿಂದ ನನ್ನ ಛತ್ರಿಯ ಮೇಲೆ ಹೆಸರನ್ನೂ ನಂಬರನ್ನೂ ಬಿಳಿ ಬಣ್ಣದಲ್ಲಿ ಬರೆಸಿದ್ದೆ. ಸ್ಪೀಕರ್ ಹಾಕಿ ಎತ್ತಿಕೊಂಡೆ.

"ಹಲೋ, ಛತ್ರಿಯವರಾ? ನಾನು ಒಮಾನಿನಿಂದ, ಹೋಟೆಲಿನ ಮ್ಯಾನೇಜರ್ ಮೊಯ್ದಿನ್. ಊರು ಉಳ್ಳಾಲ. ಎಂಥದು ಮಾರಾಯ್ರೇ ಇದು? ಊರಿಗೆಲ್ಲ ಬಿಸಿಲು, ನಮ್ಮ ಅಂಗಳಕ್ಕೆ ಮಾತ್ರ ಮಳೆ! ಈಗ ಮೇಲಿಂದ ಸಂಡಿಗೆ ಬೇರೆ!"

"ದಯವಿಟ್ಟು ಕ್ಷಮಿಸಬೇಕು..."

"ಕ್ಷಮೆ ಎಂಥಕ್ಕೆ? ಮಳೆ ನೋಡ್ಲಿಕ್ಕೆ ಜನ ಮಸ್ಕತ್ತಿನಿಂದ ಬರ್ತಾ ಇದ್ದಾರೆ! ಅಜ್ಜಂದಿರು ಮುಖ ಮೇಲೆ ಮಾಡಿ ಅಂಗಳದಲ್ಲೇ ಕೂತಿದ್ದಾರೆ, ಒಳಗೆ ಬನ್ನಿ ಅಂದ್ರೆ ಬರುದಿಲ್ಲ. ಸಂಡಿಗೆ ಕರಿದು ಕೊಟ್ಟೆ, ಅದೂ ಖಾಲಿ. ರೂಮೆಲ್ಲ ಫುಲ್!"

ನಾವು ತಿಂಗಳಿಡೀ ಶಪಿಸಿದ ಸೋನೆ! ಕಡಲಾಚೆ ಯಾರದೋ ಮುದಿ ರೆಪ್ಪೆಗಳ ಮೇಲೆ ಅದು ಇಳಿಯುತ್ತಿರುವ ಬಗೆಯನ್ನು ನೆನೆದು ನಾನೂ ಮುಖ ಮೇಲೆ ಮಾಡಿದೆ. ಕನಕವಲ್ಲಿಯವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಮುಂದಿನ ವಾರಕ್ಕೆ ನಮ್ಮ ರೂಮು? ಚಕ್ರಪಾಣಿ ಅನ್ನೋ ಹೆಸರಲ್ಲಿ?"

"ಅದಾ... ಅದನ್ನೂ ಕೊಟ್ಟಾಯ್ತಲ್ಲ ಅಕ್ಕ."

ಕನಕವಲ್ಲಿ ಬೆತ್ತದ ಕುರ್ಚಿಯಲ್ಲಿ ಕುಳಿತರು. ಅಯ್ಯಂಗಾರರು ಯಂತ್ರದತ್ತ ಧಾವಿಸಿದರು. "ಈಗಲೇ ನಿಲ್ಲಿಸ್ತೀನಿ ಕನಕಾ! ಮಳೆ ನಿಂತರೆ ಜನ ಹೋಗ್ತಾರೆ, ರೂಮು ತಾನಾಗೇ ಖಾಲಿ!" ಎಂದು ಗುಂಡಿಯತ್ತ ಕೈ ಚಾಚಿದರು. ತಾವು ಕಟ್ಟಿದ ಯಂತ್ರವೊಂದನ್ನು ತಾವಾಗಿ ನಿಲ್ಲಿಸಲು ಅವರು ಮುಂದಾದದ್ದು ಬಹುಶಃ ಜೀವಮಾನದಲ್ಲೇ ಮೊದಲು.

"ಕೈ ತೆಗೀರಿ!" ಎಂದರು ಕನಕವಲ್ಲಿ. ಎದ್ದು ನಿಂತರು. ಕಡೆಯ ಬೆಂಚಿಗೂ ಕೇಳುವ ಧ್ವನಿಯಲ್ಲಿ ಫೋನಿಗೆ ಹೇಳಿದರು: "ನೋಡಿ ಮೊಯ್ದಿನ್, ಮಳೆ ನಮ್ಮದು. ನನಗೆ ಕಡಲ ಕಡೆ ಕಿಟಕಿಯಿರೋ ರೂಮು ಬೇಕು, ಆಮೆ ಬರೋ ತೀರಕ್ಕೆ ಒಂದು ಗಾಡಿ ಬೇಕು. ಉಂಟೋ, ಇಲ್ಲವೋ?"

"ನನ್ನ ರೂಮೇ ಬಿಟ್ಟು ಕೊಡ್ತೇನೆ ಅಕ್ಕ! ಆದ್ರೆ ಮಳೆ ಮಾತ್ರ ನಿಲ್ಲಬಾರ್ದು."

"ನಿಲ್ಲಲ್ಲ. ನಮ್ಮ ಯಜಮಾನರು ಇಲ್ಲೇ ಇರ್ತಾರೆ."

"ಲೇ, ನಾನೂ ಬರ್ತಿದ್ದೀನಲ್ಲೇ!"

"ಬೇರೆ ಯಾರ ಕೈಗೂ ಬಗ್ಗಲ್ಲ ಅಂತ ಹೇಳಿದ್ದು ಯಾರು?"

ಯಂತ್ರ ಸಮಯ ನೋಡಿ ಕೆಮ್ಮಿತು. ಅಯ್ಯಂಗಾರರು ಅದರ ಬೆನ್ನು ತಟ್ಟಿದರು.

ಹೊರಡುವ ದಿನ ಕನಕವಲ್ಲಿ ಕಾಲಿಗೆ ಹೊಸ ಬೂಟು, ಕೊರಳಿಗೆ ದುರ್ಬೀನು ಹಾಕಿಕೊಂಡು ವಿದಾಯ ಹೇಳಲು ತಾರಸಿಗೆ ಬಂದರು. ಬೀದಿಯ ಹಪ್ಪಳವೆಲ್ಲ ಒಮಾನಿನ ಬಿಸಿಲಿಗೆ ಒಣಗುತ್ತಿತ್ತು. ಒಮಾನಿನವರು ಮೈಸೂರಿನ ಸೋನೆಗೆ ನೆನೆಯುತ್ತಿದ್ದರು. ಮರಳ ದಿಬ್ಬದ ಮೇಲೆ, ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಅಯ್ಯಂಗಾರರು ಕುಳಿತಿದ್ದರು. ಅವರ ಎಷ್ಟೋ ಯಂತ್ರಗಳನ್ನು ನಾನು ಕಂಡಿದ್ದೇನೆ. ಹೊರಟವರನ್ನು ನಿಜಕ್ಕೂ ಹೊರಡಿಸಿದ್ದು ಇದೊಂದೇ.

"ಸೂಟ್‌ಕೇಸಿಗೆ ಒಂದು ಸಣ್ಣ ಸುಧಾರಣೆ ಮಾಡಿಕೊಡ್ಲಾ?"

"ಬೇಡ!"

"ಆಮೆ ಕಂಡ ತಕ್ಷಣ ಫೋನ್ ಮಾಡು."

"ಮೊದಲು ನಿಮಗೇ ಮಾಡ್ತೀನಿ. ಸಂಡಿಗೆ ಮೇಲೆ ಕಾಲಿಡಬೇಡಿ. ಮೇಷ್ಟ್ರೇ, ಇವರನ್ನ ನೋಡ್ಕೊಳಿ."

ಅವರು ಹಿಂತಿರುಗಿ ನೋಡಲಿಲ್ಲ. ಮೆಟ್ಟಿಲ ಬಾಗಿಲು ಮುಚ್ಚಿಕೊಂಡಿತು. ನಾವಿಬ್ಬರೂ ಈಚೆಗಿರುವಾಗಲೇ ಆಚೆಯಿಂದ, ಕೋತಿಗಳು ಕೆಳಗಿಳಿಯದಂತೆ ಎಂದಿನ ಹಾಗೆ, ಚಿಲಕವೂ ಬಿತ್ತು.