ಎಡಗಾಲಿನ ಆನೆ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬಸವಕಲ್ಯಾಣದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಪಾಠ ಹೇಳಿದವನೂ ಅದನ್ನು ಪಾಲಿಸತಕ್ಕದ್ದೆಂದು ಇಲಾಖೆ ಆದೇಶ ಹೊರಡಿಸಲಿಲ್ಲ, ಅದೇ ನನ್ನ ಪುಣ್ಯ. ಯಾಕೆಂದರೆ ಹುಮನಾಬಾದಿನ ಬೀಗರನ್ನು, ಅಂದರೆ ನನ್ನ ಮಗಳ ಮಾವನನ್ನು, ಕಂಡರೆ ನನಗೆ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತದೆ. ಅವರ ತಲೆಯಲ್ಲಿ ಇನ್ನೂ ಕಪ್ಪು ಕೂದಲಿದೆ. ಮಾಣಿಕನಗರದಲ್ಲಿ ಸ್ವಂತ ಅಂಗಡಿಯಿದೆ. ಇವನ್ನೆಲ್ಲ ಹೇಗೋ ನುಂಗಿಕೊಳ್ಳಬಹುದು. ಆದರೆ ನಮ್ಮಿಬ್ಬರಿಗೂ ಸೇರಿ ಇರುವವಳು ಒಬ್ಬಳೇ ಮೊಮ್ಮಗಳು, ಆರು ವರ್ಷದ ಗೌರಿ. ಅವಳು ವರ್ಷವಿಡೀ ಅವರ ಮನೆಯಲ್ಲೇ ಇರುತ್ತಾಳೆ.

ಅವಳ ಹುಟ್ಟುಹಬ್ಬಕ್ಕೆ ನಾನೊಂದು ಆನೆ ಒಯ್ದೆ. ಸೊಂಡಿಲು ಮಡಚಿ ಕಿವಿ ತಿರುಗಿಸಿದರೆ ರೋಬೋಟ್ ಆಗುವ ಆನೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದನ್ನು ಮಡಚಿ ಬಿಡಿಸಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ಗೌರಿ ಆನೆ ಕಂಡು ಕುಣಿದಳು. ಅಷ್ಟರಲ್ಲಿ ಬೀಗರು ಒಳಗಿನಿಂದ ಅದೇ ಸೆಟ್ಟಿನ ಉಳಿದ ನಾಲ್ಕು ಪ್ರಾಣಿಗಳನ್ನು ತಂದಿಟ್ಟರು. ಐದನ್ನೂ ಜೋಡಿಸಿದರೆ ಒಂದು ದೊಡ್ಡ ರೋಬೋಟ್! ಅವರ ಸಿಂಹ ತಲೆ ಮತ್ತು ಎದೆಯಾಯಿತು, ಹುಲಿ ಬಲಗಾಲಾಯಿತು. ನನ್ನ ಆನೆ ಎಡಗಾಲಾಯಿತು.

"ಬೀಗರ, ನಿಮ್ಮ ಆನಿ ಭಾಳ ಚೊಲೊ ಕಾಲಾಗ್ಯದ ನೋಡ್ರಿ," ಎಂದು ಅವರು ನನಗೆ ಹೇಳಿದರು.

ಮದುವೆಯಲ್ಲಿ ಅವರ ಮಗನ ಕಾಲು ತೊಳೆದವನು ನಾನು. ಈಗ ಅವರ ಸಿಂಹಕ್ಕೂ ನಾನೇ ಕಾಲಾಗಬೇಕೆ? ಊಟಕ್ಕೆ ಕೂತರೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮೂರೇ ತಿಂದೆ. ಹೊರಡುವಾಗ ಯಾರೂ ನೋಡದ ಗಳಿಗೆಯಲ್ಲಿ ಆನೆಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಸಿಂಹ ಇನ್ನು ಹೇಗೆ ನಿಲ್ಲುತ್ತದೋ ನೋಡೋಣ ಎಂದುಕೊಂಡೆ.

ಎರಡು ದಿನದ ನಂತರ ಗೌರಿಯ ಫೋನು ಬಂತು. "ಮುತ್ಯಾ, ಆನಿ ಕಳದದ."

"ಅಯ್ಯೋ! ರೋಬೋಟ್ ಬಿದ್ದದೇನವ್ವ?" ದನಿಯಲ್ಲಿ ಸಂತೋಷ ಕಾಣದಂತೆ ಕೇಳಿದೆ.

"ಇಲ್ಲ, ನಿಂತದ. ಈ ಮನಿ ಮುತ್ಯಾನೇ ಕಾಲಾಗ್ಯಾನ! ನೆಲದ ಮ್ಯಾಲ ಕೂತು, ಕೈಲೆ ಹಿಡ್ಕೊಂಡು ನಡಸಾಕತ್ತಾನ."

ಆ ಅಜ್ಜ, ಅಂದರೆ ಬೀಗರು, ಯಾರ ಮನೆಗೆ ಹೋದರೂ ಕುರ್ಚಿ ಬಿಟ್ಟು ಕೆಳಗೆ ಕೂರದ ಮನುಷ್ಯ! ತಲೆ, ಎದೆ ಅವರದೇ ಇತ್ತು. ನನಗಿದ್ದ ಒಂದು ಕಾಲೂ ಹೋಯಿತು. ಪಕ್ಕದಲ್ಲಿದ್ದ ಹೆಂಡತಿ, "ಆನಿ ನಿಮ್ಮ ಚೀಲದಾಗ ಅದ, ನಾ ನೋಡೀನಿ. ಸುಮ್ನ ಕೊಟ್ಟು ಬರ್ರಿ," ಎಂದಳು.

ಮರುದಿನ ಬೆಳಿಗ್ಗೆಯ ಬಸ್ಸಿಗೇ ಹೊರಟೆ. ತಪ್ಪಿ ಚೀಲದಲ್ಲಿ ಬಂದಿತ್ತು ಎಂದು ಹೇಳುವುದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಹೊಸ್ತಿಲಲ್ಲಿ ನಿಂತು ನೋಡಿದರೆ, ಬೀಗರು ಧೋತರ ಎತ್ತಿಕಟ್ಟಿ ನೆಲದ ಮೇಲೆ ಕೂತು ಸಿಂಹವನ್ನು ಹೆಜ್ಜೆ ಹಾಕಿಸುತ್ತಿದ್ದರು. ಗೌರಿ ಅವರ ಹೆಗಲಿಗೆ ಜೋತುಬಿದ್ದು ಬಿದ್ದುಬಿದ್ದು ನಗುತ್ತಿದ್ದಳು. ನನ್ನ ಜೊತೆ ಅವಳು ಎಂದೂ ಹಾಗೆ ನಕ್ಕಿಲ್ಲ. ಚೀಲದೊಳಗೆ ಆನೆ ಹಿಡಿದ ಕೈ ಹೊರಗೆ ಬರಲಿಲ್ಲ. ಆನೆ ಕೊಟ್ಟರೆ ಅವರು ಎದ್ದುಬಿಡುತ್ತಾರೆ, ನಿಜ. ಆದರೆ ನನಗೆ ಬೇಕಾಗಿದ್ದದ್ದು ಅವರು ಏಳುವುದಲ್ಲ, ನಾನು ಅಲ್ಲಿ ಕೂರುವುದು.

ಒಳಗಿನಿಂದ ಮಗಳು ಚಹಾ ತಂದಳು. ಎಲ್ಲರೂ ಕಪ್ಪು ಎತ್ತಿಕೊಳ್ಳುವುದರಲ್ಲಿದ್ದರು.

"ಅವ್ವಾ, ಹುಲಿನೂ ಇಲ್ಲ!" ಎಂದು ಗೌರಿ ಕೂಗುವಷ್ಟರಲ್ಲಿ ನಾನು ಸಿಂಹದ ಬಲಗಾಲಿನ ಕಡೆ ಮೊಣಕಾಲೂರಿ, ಕೈ ಚಾಚಿ ಕೂತಾಗಿತ್ತು.